ಹದಿನಾಲ್ಕು ಪಂದ್ಯದ ಮಂಡಿ

ಫುಟ್‌ಬಾಲ್ ತಂಡದ ಆಯ್ಕೆ ಸಭೆಯಲ್ಲಿ ಮೊದಲು ಇತ್ಯರ್ಥವಾಗಬೇಕಿದ್ದ ಗಹನವಾದ ವಿಷಯವೆಂದರೆ ಫ್ಯಾನಿನ ಕೆಳಗೆ ಯಾರು ಕೂರಬೇಕೆಂಬುದು. ಅದು ಮುಗಿದ ಮೇಲೆ ಆಟಗಾರ್ತಿಯರನ್ನು ಕರೆದರು. ಡಾಕ್ಟರು ಎಂದಿನಂತೆ ಮಂಡಿಗೆ ಮಾಪಕ ಹಿಡಿದು, ಅದರಲ್ಲಿ ಇನ್ನೆಷ್ಟು ಪಂದ್ಯ ಉಳಿದಿದೆಯೆಂದು ಓದಿದರು.

ಗೌತಮಪುರದ ಫಿಲೋಮಿನಾಳದು ಹದಿನಾಲ್ಕು. ನೂರಕ್ಕಿಂತ ಕಡಿಮೆ ಉಳಿದವರನ್ನು ಯಾವ ತಂಡವೂ ಆರಿಸುತ್ತಿರಲಿಲ್ಲ.

“ನಿಂಗೆ ಮೊದಲೇ ಗೊತ್ತಿತ್ತೇನಮ್ಮ?” ಕೋಚ್ ಪೊನ್ನಪ್ಪ ಕೇಳಿದರು.

“ಗೊತ್ತಿತ್ತು ಸಾರ್. ಅದಕ್ಕೇ ಎರಡು ವರ್ಷದಿಂದ ಒಂದು ಪಂದ್ಯಾನೂ ಆಡಿಲ್ಲ. ಹೊರಗೆ ನಿಂತು ಬೇರೆಯವರಿಗೆ ಚೆಂಡು ಎತ್ತಿಕೊಡ್ತಿದ್ದೆ. ಇಷ್ಟನ್ನ ನಿಮಗೇ ಅಂತ ಉಳಿಸಿದೀನಿ.”

ಮ್ಯಾನೇಜರ್ ಗೊಣಗಿದರು: “ಒಂದು ಸೀಸನ್ನೂ ಬರಲ್ಲ, ಪೊನ್ನಪ್ಪನವರೇ.”

“ಬರದಿದ್ರೆ ಬರದೇ ಇರ್ಲಿ. ನೂರಿನ್ನೂರು ಇರೋರು ಆಡೋದನ್ನ ನೋಡಿದೀರಲ್ಲ, ಆಕಳಿಸ್ತಾ ಓಡ್ತಾರೆ.”

ಆರು ಮಂದಿಯನ್ನು ಆರಿಸಿದ ಮೇಲೆ, ಏಳನೇ ಸರದಿಯಲ್ಲಿ ತಂಡ ಫಿಲೋಮಿನಾಳನ್ನು ಆರಿಸಿತು.