ಇವತ್ತಿನ ಕುದಿಬಿಂದು

ಪ್ರಕೃತಿಯ ನಿಯಮಗಳು ದಿನಾ ಬೆಳಗಾದರೆ ಬದಲಾಗುವ ಆ ಕಾಲದಲ್ಲಿ ಗಂಗೂಬಾಯಿ ಟೀಚರಂಥ ವಿಜ್ಞಾನ ಶಿಕ್ಷಕಿ ಮೂರು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ಪಠ್ಯಪುಸ್ತಕವನ್ನು ಅವರು ಮುಟ್ಟುತ್ತಿದ್ದುದು ಬಿಸಿ ಪಾತ್ರೆ ಇಳಿಸುವುದಕ್ಕೆ ಮಾತ್ರ. ಮಕ್ಕಳೇ ಪ್ರಶ್ನೆ ಹಾಕಿಕೊಂಡು ಮಕ್ಕಳೇ ಉತ್ತರ ಹುಡುಕಬೇಕು. ಆ ಗದ್ದಲಕ್ಕೆ ಪಕ್ಕದೂರಿನ ಎಮ್ಮೆಗಳೂ ಹಾಲು ಕೊಡಲು ಹೆದರುತ್ತಿದ್ದವು. ಒಂದು ದಿನವಂತೂ ಕೈಬಿಟ್ಟ ಸೀಮೆಸುಣ್ಣ ಮೇಲೇರಿ ಛಾವಣಿಗೆ ಅಂಟಿದಾಗ ಮಕ್ಕಳು ಏಣಿ ತಂದು ಅಳೆದಿದ್ದರು.

ಇದನ್ನೆಲ್ಲ ನಿಲ್ಲಿಸಿ ಮತ್ತೆ ಬಾಯಿಪಾಠ ತರಬೇಕೇ ಎಂದು ತೀರ್ಮಾನಿಸಲು ಅಂದು ಶಾಲಾ ಇನ್‌ಸ್ಪೆಕ್ಟರ್ ಹೊಸಮನಿ ಸಾಹೇಬರು ಬಂದರು.

"ನೀರು ಎಷ್ಟು ಡಿಗ್ರಿಗೆ ಕುದೀತೈತಿ?"

ಮಕ್ಕಳೆಲ್ಲ ಮೂಲೆಯ ಒಲೆಯತ್ತ ತಿರುಗಿದರು. ಟೀಚರ ಎದೆ ಬಡಿದುಕೊಂಡ ಸದ್ದು ತಾಲೂಕಿಗೆಲ್ಲ ಕೇಳಿಸಿತು. ಮೆಲ್ಲಗೆ ಹೇಳಿಕೊಡೋಣವೆಂದರೆ ಅವರಿಗೂ ಗೊತ್ತಿರಲಿಲ್ಲ.

ಏಳನೆಯ ತರಗತಿಯ ದ್ಯಾಮವ್ವ ಎದ್ದಳು. "ಇವತ್ತ ಇನ್ನೂ ಯಾರೂ ಕುದಿಸಿಲ್ರೀ ಸರ್. ಒಲಿ ಹಚ್ಚಲೇನ್ರೀ?"

ನೀರು ಅರವತ್ಮೂರಕ್ಕೇ ಕೊತಕೊತ ಕುದಿಯಿತು. ಸಾಹೇಬರು ಇಲಾಖೆಯ ಮಾದರಿ ಉತ್ತರಗಳ ಹಾಳೆ ತೆಗೆದರು. "ಇದರಾಗ ಎಂಬತ್ತೆಂಟು ಅಂತೈತಲ್ಲ ತಂಗಿ."

"ಅದು ಅಚ್ಚಾದ ದಿನದ್ದಿರಬೇಕ್ರಿ. ನಮ್ಮದೂ ಖರೇ ಅನ್ನಂಗಿಲ್ರಿ, ಥರ್ಮಾಮೀಟರಿನ ಪಾದರಸಾನೂ ಇವತ್ತ ಬದಲಾಗಿರಬಹುದು. ಬ್ಯಾರೆ ಥರಾ, ಕುದಿಯೋ ನೀರಾಗ ತಂತಿ ಎಷ್ಟು ಉದ್ದ ಆಗತೈತಿ ಅಂತ ಅಳದು ನೋಡೂಣ್ರಿ. ತಂತಿಯ ಈ ತುದಿ ನೀವು ಹಿಡೀರಿ ಸರ್."

ಸಾಹೇಬರು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಕೋಟು ಕಿಟಕಿಯಲ್ಲಿ ನೇತಾಡುತ್ತಿತ್ತು, ಧ್ವನಿ ಮಕ್ಕಳ ಧ್ವನಿಯನ್ನೂ ಮೀರಿಸಿತ್ತು. ಸಂಜೆ ಅವರು ಬರೆದುಕೊಟ್ಟ ವರದಿಯನ್ನು ಟೀಚರು ಓದಿದರು:

"ಅಳತೆ ಇನ್ನೂ ಮುಗಿದಿಲ್ಲ. ತರಗತಿ ಹೀಗೇ ನಡೆಯಲಿ. ನಾಳೆ ನನ್ನ ರಜೆ, ಆದರೂ ಬರುತ್ತೇನೆ."