ತಾನಾಗಿ ಒತ್ತಿಕೊಳ್ಳುವ ಗುಂಡಿ

“ಸಾಕು” ಎಂದಿತು ಹಲಗೆ.

ಅಣ್ಣನ ಕೈಯಲ್ಲಿ ಚಮಚವಿರಲಿಲ್ಲ, ಲೋಟವಿರಲಿಲ್ಲ. ಸೊಂಟದ ಮೇಲೆ ತಂಗಿಯ ಮಗು, ಕೈಯಲ್ಲಿ ಅದರ ಹಾಲಿನ ಬಾಟಲಿ, ಅಷ್ಟೇ. ಮಂಚದ ಮೇಲೆ ತಂಗಿ ಬಾಗಿಲ ಕಡೆ ಕಣ್ಣು ನೆಟ್ಟು ಮಲಗಿದ್ದಳು.

“ಶುರುವಾಯ್ತು ನೋಡಿ ನಿಮ್ಮ ಗಿಣಿ,” ಎಂದಳು ಒಳಗಿನಿಂದ ಅವನ ಹೆಂಡತಿ. “ಯಾರೂ ಏನೂ ಬಡಿಸಿಲ್ಲ, ಅದಕ್ಕಾಗಲೇ ಹೊಟ್ಟೆ ತುಂಬಿದೆ.”

“ಸುಳ್ಳು ಒತ್ತು ಕಣೇ. ಎಲ್ಲೋ ತಂತಿ ಸಡಿಲ.”

ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಕೈ ಅವನದು. ಪಾರ್ಶ್ವವಾಯು ಬಡಿದು ತಂಗಿಯ ಮಾತು ನಿಂತಿತ್ತು. ಮೈಯಲ್ಲಿ ಒಂದು ಬೆರಳು ಮಾತ್ರ ಕೂದಲೆಳೆಯಷ್ಟು ಕದಲುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಅವನು ಈ ಹಲಗೆಗೆ ಕೈಹಾಕಿದ್ದ. ಹಳೆ ರಿಮೋಟಿನ ಎರಡು ಗುಂಡಿ, ಒಂದು ಮೈಕ್ರೋಕಂಟ್ರೋಲರ್ ಚಿಪ್ಪು, ಕೆಟ್ಟ ರೇಡಿಯೊದಿಂದ ಬಿಚ್ಚಿದ ಸ್ಪೀಕರ್. ಬೆರಳು ಎಡಕ್ಕೆ ವಾಲಿದರೆ ‘ಬೇಕು’, ಬಲಕ್ಕೆ ವಾಲಿದರೆ ‘ಸಾಕು’. ದನಿ ಹೆಂಡತಿಯದು, ತಟ್ಟೆಗೆ ಕೈ ಅಡ್ಡ ಹಿಡಿದು ಹೇಳುವ ಹಾಗೆ ಹೇಳಿಸಿ ತುಂಬಿದ್ದ. ‘ಬೇಡ’ ಅನ್ನೋದೊಂದು ಸೇರಿಸಲಾ ಎಂದು ಕೇಳಿದಾಗ ಅವಳೇ ತಡೆದಿದ್ದಳು: “ಮಲಗಿದವರ ಬಾಯಲ್ಲಿ ಅಂಥ ಮಾತು ಬೇಡ.”

ಗುಂಡಿ ಎಷ್ಟು ಹಗುರವೆಂದರೆ ಬೆರಳು ಕದಲಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಊಟದ ಹೊತ್ತಿಗೆ ಹಲಗೆ ಅಪರಂಜಿ; ಒಂದು ದಿನವೂ ತಪ್ಪು ಹೇಳಿದ್ದಿಲ್ಲ. ಹನ್ನೆರಡು ದಿನದಿಂದ, ಆ ಕಾಗದ ಬಂದಲ್ಲಿಂದ, ಬೇರೆ ಹೊತ್ತಿನಲ್ಲಿ ಅದಕ್ಕೆ ಹುಚ್ಚು ಹಿಡಿದಿತ್ತು.

ಕಾಗದ ಬಂದಿದ್ದು ತಂಗಿಯ ತೀರಿಹೋದ ಗಂಡನ ಕಡೆಯಿಂದ. ಮಕ್ಕಳಿಲ್ಲದ ದಂಪತಿ, ಮಗುವನ್ನು ಕೊಟ್ಟರೆ ತಮ್ಮದೇ ಎಂದುಕೊಂಡು ಕರೆದೊಯ್ಯುತ್ತೇವೆ ಎಂದು ಬರೆದಿದ್ದರು. ಅಣ್ಣ ಅದನ್ನು ತಂಗಿಯ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದ್ದ.

“ಅವಳು ಒಂದೇ ಒಂದು ಮಾತು ಹೇಳಿದ್ರೆ ನಾನು ಮಗುನ ಯಾರಿಗೂ ಕೊಡಲ್ಲ,” ಎಂದ ಹೆಂಡತಿಗೆ. “ಹೇಳದೆ ನಾವಾಗಿ ಇಟ್ಕೊಂಡ್ರೆ, ಯಾವ ಹಕ್ಕಿನ ಮೇಲೆ?”

“ಅವಳು ಹೇಳಿದ್ರೆ ಈ ನೋಯೋ ಮಂಡಿ ಹಿಡ್ಕೊಂಡೇ ಮಗು ಹಿಂದೆ ಓಡ್ತೀನಿ. ಹೇಳೋಕೆ ಬಾಯೆಲ್ಲಿದೆ ಪಾಪ?”

ಅವನು ಹಲಗೆ ಬಿಚ್ಚಿದ. ಬೆಸುಗೆ ಹೊಸದಾಗಿ ಹಾಕಿದ. ಒಂದು ಒತ್ತು ಎರಡಾಗಿ ಕೇಳದಂತೆ ಪ್ರೋಗ್ರಾಮಿನಲ್ಲಿ ಕೊಂಚ ತಡೆ ಇಟ್ಟ. ಮೀಟರು ಹಿಡಿದು ಒಬ್ಬನೇ ಕೂತರೆ ಗಂಟೆಗಟ್ಟಲೆ ತುಟಿಪಿಟಕ್ಕೆನ್ನದು. ಮಗುವನ್ನು ಎತ್ತಿಕೊಂಡು ಬಂದನೋ, ಶುರು. ಮಗುವಿನ ಕಾಲು ತಂತಿಗೆ ತಾಗುತ್ತಿರಬೇಕು ಎಂದು ದೂರ ನಿಂತ. ಆಗಲೂ ಅಷ್ಟೇ. ಎಲ್ಲಿಗೂ ಬಿಗಿಯದ ತಂತಿ, ಯಾರಾದರೂ ಹತ್ತಿರ ಬಂದರೂ ಬೆಚ್ಚಿ ಸುಳ್ಳು ಒತ್ತು ಕೊಡುತ್ತದೆ. ಅದಕ್ಕೊಂದು ರೆಸಿಸ್ಟರ್ ಕಟ್ಟಿದ. ಚಿಪ್ಪನ್ನೇ ಬದಲಿಸಿದ. ಹಲಗೆಯ ರೋಗ ಉಲ್ಬಣಿಸಿ ಈಗ ಎರಡು ಗುಂಡಿಯೂ ಕೂಗತೊಡಗಿದವು.

“ನೀನೇ ಒತ್ತಿದ್ಯೇನಮ್ಮಾ?” ಎಂದು ಬಗ್ಗಿ ಕೇಳಿದ, ಮಗುವನ್ನು ಹೆಗಲಿಗೆ ಹಾಕಿಕೊಂಡು.

“ಬೇಕು. ಸಾಕು. ಬೇಕು. ಸಾಕು.”

“ನೋಡು, ಎರಡು ತಂತಿ ಒಂದಕ್ಕೊಂದು ತಾಗ್ತಿವೆ. ಬೇಕು ಅನ್ನೋರು ಸಾಕು ಅಂತಾರಾ?”

ತಂಗಿಯ ಕಣ್ಣಂಚು ಒದ್ದೆಯಾಗಿತ್ತು. ಕಣ್ಣು ತಾನಾಗಿ ಸೋರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಟ್ಟೆಯಿಂದ ಒರೆಸಿದ. ಇಷ್ಟು ವರ್ಷ ಊರಿನ ರೇಡಿಯೊಗಳನ್ನೆಲ್ಲ ಮಾತಾಡಿಸಿದವನಿಗೆ ಇದೊಂದು ದಕ್ಕಲಿಲ್ಲ.

ಹದಿಮೂರನೆಯ ದಿನ ದಂಪತಿ ಬರುವವರಿದ್ದರು. ಬಂದವರ ಎದುರು ಇದು ಹೀಗೆ ಬಡಬಡಿಸಿದರೆ ಚೆಂದವಲ್ಲ. ಬೆಳಿಗ್ಗೆ ಇಕ್ಕಳ ತೆಗೆದುಕೊಂಡು ‘ಸಾಕು’ ಗುಂಡಿಯ ತಂತಿಯನ್ನು ಕತ್ತರಿಸಿದ. ಹೋಗಲಿ, ಒಂದಾದರೂ ನೆಟ್ಟಗಿರಲಿ.

ಅವರು ಬಂದರು. ಸಾಧು ಜನ. ಹೆಂಗಸು ಕೈ ಚಾಚಿದ್ದೇ ಮಗು ಅವಳ ತೋಳಿಗೆ ಹೋಯಿತು. ಅಣ್ಣ ಮಂಚದ ಪಕ್ಕ ಮಂಡಿಯೂರಿದ. ಕೊನೆಯದೊಂದು ಆಸೆ ಅವನಿಗೆ.

“ಮಗುಗೆ ಒಳ್ಳೆ ಮನೆ ಬೇಕಲ್ವೇನಮ್ಮಾ?”

“ಬೇಕು” ಎಂದಿತು ಹಲಗೆ. ಒಂದು ಮಾತಿನಷ್ಟು ಹೊತ್ತು ಸುಮ್ಮನಿತ್ತು. ಮತ್ತೆ “ಬೇಕು.” ಮತ್ತೆ ಅಷ್ಟೇ ಮೌನ. “ಬೇಕು.”

“ಒಪ್ಪಿದಳು,” ಎಂದ ಅಣ್ಣ.

ಕಾರು ಹೊರಡುವಾಗ ಆ ಹೆಂಗಸು ಕಿಟಕಿಯಿಂದ ಅವನ ಕೈ ಹಿಡಿದಳು. “ಯೋಚಿಸಬೇಡಿ ಅಣ್ಣಾ. ಕಣ್ಣಲ್ಲಿ ಕಣ್ಣಿಟ್ಟು ಸಾಕ್ತೀವಿ.”

ಕಾರು ತಿರುವು ದಾಟಿತು. ಧೂಳು ಅಡಗಿತು. ತಂಗಿಗೆ ನೀರು ಕುಡಿಸುವ ಹೊತ್ತಾಗಿತ್ತು. ಸಾಕು ಅನ್ನಲಾಗದಿದ್ದರೆ ನೆತ್ತಿಗೇರೀತು. ಅಣ್ಣ ಒಳಗೆ ಬಂದು ಕತ್ತರಿಸಿದ ತಂತಿಯನ್ನು ಮತ್ತೆ ಬೆಸೆದ. ಬೆಸುಗೆ ಆರುವ ಮುಂಚೆಯೇ ಹಲಗೆ ಮಾತಾಡಿತು.

“ಬೇಕು. ಸಾಕು.”

ನೀರಿನ ಚಮಚಕ್ಕೆ ಚಾಚಿದ ಅವನ ಕೈ ಅಲ್ಲೇ ನಿಂತಿತು. ಕಿವಿಯಲ್ಲಿ ಆ ಹೆಂಗಸು ಹೋಗುವಾಗ ಆಡಿದ ಮಾತು ಇನ್ನೂ ಹಾಗೇ ಇತ್ತು.

ಮಗು ಬೇಕು. ಅಣ್ಣಾ, ನೀನೇ ಸಾಕು.