ಎಡಗೈ ಚೀಟಿ

ಚೀಟಿ ಬರೆದೋರು ಒಪ್ಕೊಳ್ಳೋವರೆಗೂ ಯಾರೂ ಕೆಳಗಿಳಿಯಂಗಿಲ್ಲ ಅಂತ ತನುಜ ಮೆಟ್ಟಿಲಿಗೆ ಅಡ್ಡ ಕೂತುಬಿಟ್ಳು.

ಶಿಡ್ಲಘಟ್ಟದಲ್ಲಿ ಕವಿತನ ಮನೆ ತಾರಸಿ ಅದು. ಕೆಳಗೆ ಅವರಪ್ಪನ ರೇಷ್ಮೆ ರೀಲಿಂಗ್ ಯೂನಿಟ್ಟು, ಬೇಯ್ತಿರೋ ಗೂಡಿನ ವಾಸನೆ ಮೇಲಿನ ತನಕ ಬರ್ತಿತ್ತು. ಮೇಲೆ ಬಿಸಿಎ ಕೊನೇ ವರ್ಷದ ನಾಲ್ಕು ಜನ. ಟೀಮ್ ಲೀಡ್ ತನುಜ, ಮನೆಯೋಳು ಕವಿತ, ಮಂಚೇನಹಳ್ಳಿಯಿಂದ ಎರಡು ಬಸ್ ಹತ್ತಿ ಬರೋ ಗಂಗರಾಜು, ಮತ್ತೆ ಹೋದ ವರ್ಷ ಲೀಡ್ ಆಗಿದ್ದ ಮಧುಸೂದನ್. ಗೂಡು ಮಾರೋ ರೈತರಿಗೆ ದಿನದ ರೇಟು ತೋರಿಸೋ ಆ್ಯಪ್ ಇವರ ಪ್ರಾಜೆಕ್ಟು.

ಹದಿನೈದು ದಿನಕ್ಕೊಂದ್ಸಲ ರೆಟ್ರೋ ಮಾಡ್ಲೇಬೇಕು ಅನ್ನೋದು ಪ್ರಾಜೆಕ್ಟ್ ಗೈಡ್ ಯಶೋಧರಾ ಮೇಡಂ ಆರ್ಡರ್ರು. ಏನು ಚೆನ್ನಾಗಾಯ್ತು, ಏನು ಕೆಟ್ಟೋಯ್ತು, ಮುಂದಿನ್ಸಲ ಏನು ಬದಲಾಯಿಸ್ಬೇಕು, ಅಷ್ಟೇ. ಚೀಟಿ ಬರೆದು ಬಿಸ್ಕತ್ ಡಬ್ಬಕ್ಕೆ ಹಾಕ್ಬೇಕು. ಲೀಡ್ ಒಂದೊಂದೇ ತೆಗೆದು ಓದಿ, ಗೋಡೆ ಮೇಲಿನ ಚಾರ್ಟಿಗೆ ಟೇಪ್ ಹಾಕಿ ಅಂಟಿಸ್ಬೇಕು. ಹೆಸರು ಬರೆಯಂಗಿಲ್ಲ, ಬರೆದೋರು ಯಾರು ಅಂತ ಕೇಳಂಗಿಲ್ಲ. ಅಕ್ಷರ ನೋಡಿ ಕಂಡುಹಿಡೀತಾರೆ ಅಂತ ಎಲ್ಲರೂ ಡಬ್ಬದ ಜೊತೆ ಇಟ್ಟಿರೋ ಒಂದೇ ನೀಲಿ ಪೆನ್ನಲ್ಲಿ, ಎಡಗೈಯಲ್ಲೇ ಬರೀಬೇಕು. ಈ ಗುಟ್ಟಿನ ರೂಲ್ಸು, ಎಡಗೈ ಐಡಿಯಾ ಎಲ್ಲ ಹೋದ ವರ್ಷ ಕೊಟ್ಟೋಳೇ ತನುಜ. ಅವತ್ತಿಂದ ಎಲ್ಲರ ಅಕ್ಷರಾನೂ ಒಂದೇ ಥರ, ಹಣ್ಣಾದ ರೇಷ್ಮೆ ಹುಳ ಇಂಕಲ್ಲಿ ಬಿದ್ದು ಹರಿದಾಡ್ದಂಗೆ.

ಇವತ್ತು ಮೊದಲ ಚೀಟಿಗಳೆಲ್ಲ ಸಪ್ಪೆ. ಸರ್ವರ್ ನಿಧಾನ, ಬೋಂಡ ಸಾಲ್ಲಿಲ್ಲ, ಇಂಥವು. ಕೊನೇದು ಬಂತು ನೋಡಿ.

'ಲೀಡ್ ಅಂತೆ ಲೀಡ್. ಬರೋದು ಲೇಟು, ಬೈಯೋದು ನಮಗೆ. ಯಾರ ಮಾತನ್ನೂ ಪೂರ್ತಿ ಕೇಳಿದ್ದೇ ಇಲ್ಲ. ಹಿಂಗೇ ಆದ್ರೆ ನಾನು ಟೀಮ್ ಬಿಡ್ತೀನಿ.'

ತನುಜಳ ಕಿವಿ ಕೆಂಪಗಾಯ್ತು. ಆದ್ರೂ ರೂಲ್ಸು ರೂಲ್ಸೇ, ಚಾರ್ಟಿಗೆ ಬಡಿದು ಅಂಟಿಸಿದ್ಳು. ಆಮೇಲೆ ಮೆಟ್ಟಿಲಿಗೆ ಅಡ್ಡ ಕೂತ್ಳು.

"ಸೋಮವಾರ ಮೇಡಂಗೆ ಟೀಮ್ ಲಿಸ್ಟ್ ಕೊಡ್ಬೇಕು. ಬಿಡ್ತೀನಿ ಅಂದೋರನ್ನ ನಾನೇ ಬಿಡಿಸ್ತೀನಿ," ಅಂತ ಹಸಿರು ಪೆನ್ನಿನ ಕ್ಯಾಪ್ ತೆಗೆದ್ಳು. ಒಂದನೇ ಕ್ಲಾಸಿಂದ ಅವಳಿಗೆ ಹಸಿರು ಇಂಕೇ ಆಗ್ಬೇಕು. ಲಿಸ್ಟಿಂದ ಹೆಸರು ಹೋಯ್ತು ಅಂದ್ರೆ ಪ್ರಾಜೆಕ್ಟು ಹೋಯ್ತು, ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂರ್ಬೇಕು. ಎಲ್ಲರಿಗೂ ಗೊತ್ತಿತ್ತು. ಯಾರೂ ನಗ್ಲಿಲ್ಲ.

"ಮಿಕ್ಕಿದ್ದೆಲ್ಲ ಹಳದಿ ಪ್ಯಾಡಿಂದು. ಇದೊಂದೇ ಗ್ರಾಫ್ ಶೀಟಿನ ಹರುಕು," ಅಂದ್ಳು ತನುಜ. "ಮಡಚಿದ ಗೆರೆ ಹೆಂಗೆ ಸವೆದಿದೆ ನೋಡಿ. ಮನೇಲೇ ಪ್ಲಾನ್ ಮಾಡಿ ಬರ್ಕೊಂಡು ಬಂದಿರೋದು."

"ಗ್ರಾಫ್ ಶೀಟ್ ಹೋದ ವರ್ಷಕ್ಕೇ ಮುಗೀತಲ್ಲೇ, ಈಗ ಯಾರ ಹತ್ರ..." ಅಂತ ಕವಿತ ಶುರು ಮಾಡಿದ್ಳು.

"ನೀನು ಸುಮ್ನಿರೇ."

"ಅದಿ ಕಾದಮ್ಮ, ಅದಲ್ಲ, ನಾನು ಹೇಳೋದು ಏನಂದ್ರೆ..." ಅಂದ ಗಂಗರಾಜು.

"ನೀನು ಆಮೇಲೆ. ಎರಡು ನಿಮಿಷ ಲೇಟಂತೆ ಇವತ್ತು."

"ನೀನು ನಲವತ್ತು ನಿಮಿಷ."

"ಚಿಂತಾಮಣಿ ಬಸ್ ಕಣೋ. ಅದು ಬೇರೆ ವಿಷಯ."

ಉಳಿದಿದ್ದು ಮಧುಸೂದನ್. ನೀರಿನ ಟ್ಯಾಂಕ್ ನೆರಳಲ್ಲಿ ಆರಾಮಾಗಿ ಕೂತಿದ್ದ. ಒಂದು ಕಾಲಕ್ಕೆ ಎಲ್ಲರಿಗಿಂತ ಲೇಟು ಬರ್ತಿದ್ದೋನು. ಅದೇನಾಯ್ತೋ, ಹೋದ ವರ್ಷ ಮಧ್ಯದಲ್ಲೇ ಬದಲಾಗ್ಬಿಟ್ಟ. ಈಗ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸಿರ್ತಾನೆ, ಎಲ್ಲರ ಮಾತಿಗೂ ತಲೆ ಆಡಿಸ್ತಾನೆ. ಇಷ್ಟು ಒಳ್ಳೇತನ ಇದ್ರೆ ಅನುಮಾನ ಬರಲ್ವಾ?

"ಮಧು, ನೀನೇ ತಾನೆ? ಲೀಡ್ ಪೋಸ್ಟ್ ಹೋಯ್ತು ಅಂತ ಹೊಟ್ಟೆಕಿಚ್ಚು."

"ಬರೆದಿದ್ದು ನಾನಲ್ಲ."

"ಯಾರು ಅಂತ ಗೊತ್ತಾ?"

"ಗೊತ್ತು."

"ಹೇಳು."

"ಹೇಳಂಗಿಲ್ಲಮ್ಮ. ನೀನೇ ಮಾಡಿದ ರೂಲ್ಸು." ಅವನು ಫೋನ್ ಕವರಿಂದ ಜಾರ್ತಿದ್ದ ಬಸ್ ಪಾಸನ್ನ ಒಳಗೆ ತಳ್ಳಿದ. ಒತ್ತಾಗಿ ಕೂರ್ತಿದ್ದ ಪಾಸು ಇವತ್ತು ಯಾಕೋ ಸಡಿಲ. "ಬರೆದೋರು ಒಳ್ಳೆಯೋರೇ ಬಿಡು. ಆ ಚೀಟಿಯಿಂದ ಒಬ್ಬ ಉದ್ಧಾರ ಆಗಿದಾನೆ. ಇನ್ನೊಬ್ಬರು ಆಗ್ಲಿ ಅಂತ ಅಷ್ಟೇ."

"ನನ್ನನ್ನ ಉದ್ಧಾರ ಮಾಡಕ್ಕೆ ಬಂದ್ಯಾ? ಬರೆಯೋ ಧೈರ್ಯ ಇದೆ, ಒಪ್ಕೊಳ್ಳೋ ಧೈರ್ಯ ಇಲ್ಲ. ಇಂಥೋರು ಟೀಮಲ್ಲಿ ಇರ್ಬಾರ್ದು."

"ನೀನು ಹಂಗಂದ್ರೆ ನಾನು ಏನು ಹೇಳ್ಲಿ," ಅಂದ ಮಧು. ಯಾಕೋ ಅವನಿಗೆ ನಗು ತಡೆಯೋದು ಕಷ್ಟ ಆಗ್ತಿತ್ತು.

ತನುಜ ಲಿಸ್ಟಲ್ಲಿ ಅವನ ಹೆಸರಿನ ಮೇಲೆ ಹಸಿರು ಗೀಟು ಎಳೆದೇಬಿಟ್ಳು. ಕವಿತ ತಲೆ ಮೇಲೆ ಕೈ ಇಟ್ಕೊಂಡ್ಳು.

"ಸಾಕ್ಷಿ ಸಮೇತ ಮೇಡಂಗೆ ಕೊಡ್ತೀನಿ," ಅಂತ ತನುಜ ಎದ್ದು ಚಾರ್ಟಿಂದ ಚೀಟಿ ಕೀಳೋಕೆ ಹೋದ್ಳು.

"ಹುಷಾರು, ಹರೀಬೇಡ," ಅಂದ ಮಧು. "ಹೋದ ವರ್ಷ ನಾನು ಲೀಡ್ ಆಗಿದ್ದಾಗ ಬಂದಿದ್ದು. ಅವತ್ತಿಂದ ಫೋನ್ ಕವರಲ್ಲಿ ಜೋಪಾನ ಮಾಡಿದೀನಿ."

ತನುಜಳ ಕೈ ನಿಂತ್ಕೊಳ್ತು. ಟೇಪ್ ಮೆಲ್ಲಗೆ ಬಿಡಿಸಿ ಚೀಟಿ ತಿರುಗಿಸಿ ಹಿಂದೆ ನೋಡಿದ್ಳು.

ಹಸಿರು ಇಂಕು, ಬಲಗೈಯ ಗುಂಡು ಅಕ್ಷರ: 'ತನುಜ, ಬಿಸಿಎ ಎರಡನೇ ವರ್ಷ, ಸ್ಟ್ಯಾಟಿಸ್ಟಿಕ್ಸ್ ಗ್ರಾಫ್ 4.'